‘ಎಸ್ತಾರಾ ಎನ್ ಕಾಸಾ’ ಅಂದ್ರೆ ನಾಳೆ ಮನೇಲಿರ್ತಾನೆ ಅಂತಾನಾ?

ಪ್ರಶ್ನೆ: ‘ಹ್ವಾನ್ ಎಲ್ಲಿ?’ ಅಂತ ಕೇಳಿದ್ದಕ್ಕೆ ಮಡ್ರಿಡ್‌ನ ಗೆಳತಿ ಸ್ಪ್ಯಾನಿಷ್‌ನಲ್ಲಿ ‘ಎಸ್ತಾರಾ ಎನ್ ಕಾಸಾ’ ಅಂದಳು. ‘ಎಸ್ತಾರಾ’ ಭವಿಷ್ಯತ್ ಕಾಲ ಅಲ್ವಾ? ನಾನು ಕೇಳಿದ್ದು ಈಗಿನ ಮಾತು.

ಉತ್ತರ: ಅವಳು ಹೇಳಿದ್ದೂ ಈಗಿನ ಮಾತೇ. ‘ಮನೇಲಿರಬೇಕು’ ಅಂದಳು, ಅಷ್ಟೇ. ಕಣ್ಣಾರೆ ನೋಡಿಲ್ಲ, ಊಹೆ. ಖಚಿತವಾಗಿ ಗೊತ್ತಿದ್ದರೆ ‘ಎಸ್ತಾ ಎನ್ ಕಾಸಾ’ ಅನ್ನುತ್ತಿದ್ದಳು.

ಭವಿಷ್ಯತ್ ರೂಪ ಅಂದ ಮೇಲೆ ಅದು ಮುಂದಿನ ಮಾತೇ ಆಗಿರಬೇಕು ಅನ್ನೋ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ರಾತ್ರಿ ಹೊತ್ತಲ್ಲಿ ಯಾರೋ ಬಾಗಿಲು ತಟ್ಟುತ್ತಾರೆ. ಒಳಗಿದ್ದವರು ‘ಕಿಯೆನ್ ಸೆರಾ?’ ಅನ್ನುತ್ತಾರೆ. ಯಾರಿರಬಹುದು ಅಂತ. ತಟ್ಟುತ್ತಿರುವವರು ಈಗಲೇ ಹೊರಗೆ ನಿಂತಿದ್ದಾರೆ, ನಾಳೆಯಲ್ಲ! ಗಡಿಯಾರ ಕಾಣದವರು ‘ಸೆರಾನ್ ಲಾಸ್ ತ್ರೆಸ್’ ಅಂದರೆ ಈಗ ಮೂರು ಗಂಟೆ ಆಗಿರಬೇಕು ಅಂತ. ಮುಗಿದದ್ದನ್ನು ಊಹಿಸಲೂ ಇದೇ ದಾರಿ: ‘ಆಬ್ರಾ ಯೆಗಾದೊ’, ಇಷ್ಟೊತ್ತಿಗೆ ತಲುಪಿರಬೇಕು. ಇನ್ನು ನಿಜವಾದ ನಾಳೆಗೆ? ಆಡುಮಾತಿನಲ್ಲಿ ಜಾಸ್ತಿ ಕೇಳೋದು ‘ಬೊಯ್ ಆ ಯಮಾರ್’, ಫೋನ್ ಮಾಡ್ತೀನಿ ಅಂತ. ಅದೇ ಮಾತಿನ ಭವಿಷ್ಯತ್ ರೂಪ ‘ಯಮಾರೆ’ ಸತ್ತಿಲ್ಲ, ಮಾತು ಕೊಡುವಾಗ, ಬರವಣಿಗೆಯಲ್ಲಿ ಚೆನ್ನಾಗಿಯೇ ಓಡುತ್ತೆ.

ಕನ್ನಡದವರು ಇದಕ್ಕೆ ತಲೆ ಕೆಡಿಸಿಕೊಳ್ಳೋದು ನೋಡಿದರೆ ನನಗೆ ನಗು ಬರುತ್ತೆ. ‘ಅಪ್ಪ ಎಲ್ಲಿ?’ ಅಂದರೆ ‘ಈ ಹೊತ್ತಲ್ಲಿ ತೋಟದಲ್ಲಿರ್ತಾರೆ’ ಅಂತೀವಿ. ‘ನಾಳೆ ಮನೇಲಿರ್ತಾರೆ’ ಅಂತಾನೂ ಅಂತೀವಿ. ಒಂದೇ ‘ಇರ್ತಾರೆ’. ಯಾರಿಗಾದರೂ ಗೊಂದಲ ಆಗಿದೆಯಾ?

ವಯಸ್ಸು ಅಂದಾಜಿಸಲೂ ಇದೇ ರೂಪ: ‘ತೆಂದ್ರಾ ತ್ರೆಯಿಂತಾ ಆನ್ಯೋಸ್’, 30 ವರ್ಷ ಇರಬಹುದು. ಇಲ್ಲಿ ಇನ್ನೊಂದು ಸಂಗತಿ, ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ಮೂಲ ರೂಪ ‘ತೆನೇರ್’. ಹಾಗಾದರೆ ‘ತೆಂದ್ರಾ’ದ ನಡುವೆ ‘ದ’ ಎಲ್ಲಿಂದ ಬಂತು? ಈ ಭವಿಷ್ಯತ್ ರೂಪದ ಬಾಲವೇ ಒಂದು ಕಾಲಕ್ಕೆ ‘ಆಬೇರ್’ ಅನ್ನೋ ಬೇರೆ ಕ್ರಿಯಾಪದವಾಗಿತ್ತು. ಅದು ಹಿಂದೆ ಅಂಟಿಕೊಂಡಾಗ ಒತ್ತು ಕೊನೆಗೆ ಜಾರಿತು, ನಡುವಿನ ‘ಎ’ ಸವೆದುಹೋಯಿತು. ‘ನ’ ಮತ್ತು ‘ರ’ ಒಟ್ಟಿಗೆ ಬಂದವು. ‘ನ್ರ’ ಅಂತ ಬೇಗ ಬೇಗ ಹೇಳಿ ನೋಡಿ, ‘ದ’ ತಾನಾಗಿ ನುಸುಳುತ್ತೆ. ಪೊನೇರ್–ಪೊಂದ್ರಾ, ಬೆನೀರ್–ಬೆಂದ್ರಾ, ಸಲೀರ್–ಸಾಲ್ದ್ರಾ ಎಲ್ಲ ಇದೇ ಕಥೆ. ಸಬೇರ್–ಸಬ್ರಾದಲ್ಲೂ ‘ಎ’ ಬಿದ್ದಿದೆ. ಆದರೆ ‘ಬ್ರ’ ನಾಲಿಗೆಗೆ ಸಲೀಸು, ಅಲ್ಲಿ ‘ದ’ಕ್ಕೆ ಕೆಲಸವಿಲ್ಲ.