ಒಂದು ರಾತ್ರಿಯ ಬಂಧನ, ಮೂರು ಕಚೇರಿಯ ಕಡತ: ಕ್ಯಾಲಿಫೋರ್ನಿಯಾದ ಡಿಯುಐ ದಾಖಲೆಗಳು ಸಿಗುವುದೆಲ್ಲಿ, ಸಿಗದಿರುವುದೇಕೆ

ಕುಡಿದು ಗಾಡಿ ಓಡಿಸಿ (ಅಲ್ಲಿನ ಮಾತಿನಲ್ಲಿ ಡಿಯುಐ) ಸಿಕ್ಕಿಬಿದ್ದವರ ದಾಖಲೆ ಅಮೆರಿಕದಲ್ಲಿ ಎಲ್ಲರಿಗೂ ತೆರೆದಿರುತ್ತದೆ ಅನ್ನುವ ಮಾತು ಅರ್ಧ ನಿಜ. ಮಗಳಿಗೆ ಗೊತ್ತುಮಾಡಿದ ಹುಡುಗನ ಹೆಸರನ್ನು ಮೈಸೂರಿನಲ್ಲಿ ಕೂತ ತಂದೆಯೊಬ್ಬರು ಗೂಗಲ್‌ನಲ್ಲಿ ಹಾಕಿ ನೋಡುತ್ತಾರೆ ಎಂದಿಟ್ಟುಕೊಳ್ಳಿ. ಬಂಧನವಾದ ದಿನ, ಕೌಂಟಿಯ (ನಮ್ಮ ಜಿಲ್ಲೆ ಇದ್ದಂತೆ) ಹೆಸರು, ಕೆಲವೊಮ್ಮೆ ಫೋಟೊ ಕೂಡ ಸಿಕ್ಕಿಬಿಡಬಹುದು. ಆಮೇಲೆ ಏನಾಯಿತು? ಕೇಸು ನಡೆಯಿತೇ, ಬಿದ್ದುಹೋಯಿತೇ? ಅದು ಮಾತ್ರ ಅಲ್ಲಿರುವುದಿಲ್ಲ. ಅದೇ ಹುಡುಗ ವೀಸಾ ಸ್ಟ್ಯಾಂಪಿಂಗ್‌ಗೆಂದು ಚೆನ್ನೈಗೋ ಹೈದರಾಬಾದಿಗೋ ಹೋಗಿ ಕಾನ್ಸುಲೇಟಿನ ಕಿಟಕಿ ಮುಂದೆ ನಿಂತಾಗ ಅಧಿಕಾರಿ ಕೇಳುವುದು ಆ 'ಆಮೇಲೆ ಏನಾಯಿತು' ಅನ್ನುವ ಕಾಗದವನ್ನೇ.

ಸುಲಭವಾಗಿ ಸಿಗುವುದು ಆರೋಪ, ಕಷ್ಟಪಟ್ಟು ಹುಡುಕಬೇಕಾದದ್ದು ತೀರ್ಪು. ಇದು ಯಾರೋ ಒಬ್ಬರು ಕೂತು ರೂಪಿಸಿದ ವ್ಯವಸ್ಥೆಯಲ್ಲ. ಹಲವು ದಶಕಗಳಲ್ಲಿ ಬೇರೆ ಬೇರೆ ಒಳ್ಳೆಯ ಉದ್ದೇಶದಿಂದ ಬಂದ ಕಾಯ್ದೆಗಳು ಒಂದರ ಮೇಲೊಂದು ಕೂತು ಹೀಗಾಗಿದೆ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಕ್ಯಾಲಿಫೋರ್ನಿಯಾವನ್ನೇ ಹಿಡಿದು ನೋಡೋಣ.

ಮೊದಲು ಆ ರಾತ್ರಿ. ಪೊಲೀಸರು ಗಾಡಿ ನಿಲ್ಲಿಸುತ್ತಾರೆ, ಉಸಿರಿನದೋ ರಕ್ತದ್ದೋ ಪರೀಕ್ಷೆಯಾಗುತ್ತದೆ, ರಕ್ತದಲ್ಲಿ ಮದ್ಯದ ಪ್ರಮಾಣ ಶೇ. 0.08 ದಾಟಿರುತ್ತದೆ. ಅಧಿಕಾರಿ ಕ್ಯಾಲಿಫೋರ್ನಿಯಾದ ಲೈಸೆನ್ಸನ್ನು ಅಲ್ಲೇ ತೆಗೆದುಕೊಂಡು ಗುಲಾಬಿ ಬಣ್ಣದ ಒಂದು ಹಾಳೆ ಕೊಡುತ್ತಾರೆ. ಮುಂದಿನ 30 ದಿನ ಆ ಹಾಳೆಯೇ ಲೈಸೆನ್ಸು. ವಿಚಾರಣೆ ಬೇಕಿದ್ದರೆ 10 ದಿನದೊಳಗೆ ಡಿಎಂವಿಗೆ, ಅಂದರೆ ನಮ್ಮ ಆರ್‌ಟಿಒ ಇದ್ದಂತೆ ಅಲ್ಲಿನ ಮೋಟಾರು ವಾಹನ ಇಲಾಖೆಗೆ, ಕೇಳಿಕೊಳ್ಳಬೇಕೆಂದು ಅದರಲ್ಲೇ ಬರೆದಿರುತ್ತದೆ. ಅತ್ತ ಕೌಂಟಿ ಜೈಲಿನಲ್ಲಿ ಬುಕಿಂಗ್: ಹೆಸರು, ಫೋಟೊ, ಹತ್ತು ಬೆರಳಚ್ಚು. ಬೆಳಗಾಗುವಷ್ಟರಲ್ಲಿ ಕೋರ್ಟಿಗೆ ಬರಬೇಕಾದ ದಿನಾಂಕವಿರುವ ಇನ್ನೊಂದು ಚೀಟಿ ಕೊಟ್ಟು ಬಿಡುಗಡೆ. ಹೀಗೆ ಒಂದೇ ರಾತ್ರಿಯಲ್ಲಿ ಮೂರು ಕಚೇರಿಗೆ ದಾರಿ ಬೀಳುತ್ತದೆ. ಜೈಲಿನ ದಾಖಲೆ ಕೌಂಟಿಯ ಪೊಲೀಸ್ ಮುಖ್ಯಸ್ಥ ಶೆರಿಫ್ ಬಳಿ, ಲೈಸೆನ್ಸಿನ ದಾಖಲೆ ಡಿಎಂವಿ ಬಳಿ, ಕೇಸಿನ ದಾಖಲೆ ಕೌಂಟಿಯ ಸುಪೀರಿಯರ್ ಕೋರ್ಟಿನ ಬಳಿ. ಮೂರಕ್ಕೂ ಕಾನೂನು ಬೇರೆ. ಒಂದು ಕಡೆ ತೆರೆದಿರುವುದು ಇನ್ನೊಂದು ಕಡೆ ಮುಚ್ಚಿರುತ್ತದೆ.

ನ್ಯೂಯಾರ್ಕ್ 1910ರಲ್ಲಿ, ಕ್ಯಾಲಿಫೋರ್ನಿಯಾ 1911ರಲ್ಲಿ ಕುಡಿದು ಓಡಿಸುವುದನ್ನು ಅಪರಾಧ ಎಂದವು. 1954ರಲ್ಲಿ ಇಂಡಿಯಾನಾದಲ್ಲಿ ರಾಬರ್ಟ್ ಬೋರ್ಕೆನ್‌ಸ್ಟೀನ್ ಉಸಿರು ಅಳೆಯುವ ಯಂತ್ರ ಮಾಡಿದರು. ಆದರೂ ಸುಮಾರು 70 ವರ್ಷ ಸಮಾಜ ಇದನ್ನು ಸಣ್ಣ ತಪ್ಪೆಂದೇ ನೋಡಿತು.

ತಿರುವು ಬಂದದ್ದು 1980ರ ಮೇ ತಿಂಗಳಲ್ಲಿ. ಸ್ಯಾಕ್ರಮೆಂಟೊ ಹತ್ತಿರದ ಫೇರ್ ಓಕ್ಸ್‌ನಲ್ಲಿ ನಡೆದುಹೋಗುತ್ತಿದ್ದ 13 ವರ್ಷದ ಹುಡುಗಿಯೊಬ್ಬಳಿಗೆ ಗಾಡಿ ಬಡಿದು ಆಕೆ ಸತ್ತಳು. ಓಡಿಸುತ್ತಿದ್ದವನಿಗೆ ಕುಡಿದು ಓಡಿಸಿದ ಹಳೆಯ ಇತಿಹಾಸವಿತ್ತು. ಅಂಥದೇ ಇನ್ನೊಂದು ಪ್ರಕರಣದಲ್ಲಿ ಅವನು ಜಾಮೀನಿನ ಮೇಲೆ ಹೊರಬಂದು ಎರಡೇ ದಿನವಾಗಿತ್ತು. ಆಕೆಯ ತಾಯಿ ಕ್ಯಾಂಡೇಸ್ ಲೈಟ್ನರ್ ಅದೇ ವರ್ಷ ಕುಡಿದು ಓಡಿಸುವುದರ ವಿರುದ್ಧ 'ಮ್ಯಾಡ್' ಎಂಬ ಸಂಘಟನೆ ಕಟ್ಟಿದರು. ಅದರ ಸ್ವಯಂಸೇವಕರು ಕೋರ್ಟುಗಳಲ್ಲಿ ಕೂತು, ಯಾವ ಕೇಸಿನಲ್ಲಿ ಏನು ಶಿಕ್ಷೆಯಾಯಿತು ಎಂದು ಬರೆದುಕೊಳ್ಳತೊಡಗಿದರು. ದಾಖಲೆ ಏಕೆ ತೆರೆದಿರಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ. ಒಬ್ಬನೇ ಮನುಷ್ಯ ಮತ್ತೆ ಮತ್ತೆ ಸಿಕ್ಕಿಬಿದ್ದು ಮತ್ತೆ ಮತ್ತೆ ರಸ್ತೆಗೆ ಬರುತ್ತಿದ್ದರೆ, ಅದು ಊರಿನವರಿಗೆ ಗೊತ್ತಾಗಲೇಬೇಕು. ತೀರ್ಪು ಕೊಡುವವರ ಮೇಲೂ ಜನರ ಕಣ್ಣಿರಬೇಕು.

ಆ ಕಾಲದಲ್ಲಿ ನ್ಯಾಯಾಲಯಗಳೂ ಬಾಗಿಲು ತೆರೆಯುವ ಕಡೆಗೇ ಇದ್ದವು. ರಿವರ್‌ಸೈಡ್ ಕೌಂಟಿಯ ಪತ್ರಿಕೆ 'ಪ್ರೆಸ್-ಎಂಟರ್‌ಪ್ರೈಸ್' ಎರಡು ಸಲ ಸುಪ್ರೀಂ ಕೋರ್ಟಿನ ತನಕ ಹೋಗಿ, 1984ರಲ್ಲಿ ಜ್ಯೂರಿ ಆಯ್ಕೆಯನ್ನೂ 1986ರಲ್ಲಿ ಪ್ರಾಥಮಿಕ ವಿಚಾರಣೆಯನ್ನೂ ಸಾರ್ವಜನಿಕರು ನೋಡಬಹುದೆಂಬ ತೀರ್ಪು ತಂದಿತು. ಈ ಕೌಂಟಿಯ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ. ಬಂಧನದ ಮಾಹಿತಿಯಂತೂ ಮೊದಲಿನಿಂದಲೂ ತೆರೆದದ್ದು. 1968ರ ಕ್ಯಾಲಿಫೋರ್ನಿಯಾ ಸಾರ್ವಜನಿಕ ದಾಖಲೆಗಳ ಕಾಯ್ದೆಯ ಪ್ರಕಾರ ಬಂಧಿತರ ಹೆಸರು, ಉದ್ಯೋಗ, ಚಹರೆ, ಬಂಧನದ ಸಮಯ ಮತ್ತು ಜಾಗ, ಆರೋಪ, ಜಾಮೀನಿನ ಮೊತ್ತ ಇವನ್ನು ಪೊಲೀಸರು ಸಾಮಾನ್ಯವಾಗಿ ಕೊಡಬೇಕು. ತನಿಖಾ ವರದಿ ಕೊಡಬೇಕಿಲ್ಲ. ಕೋರ್ಟಿನ ಕೇಸುಗಳು ಈ ಕಾಯ್ದೆಗೆ ಸೇರುವುದೇ ಇಲ್ಲ, ಅವುಗಳ ದಾರಿಯೇ ಬೇರೆ. ಡಿಎಂವಿ ಕಡತ ತಕ್ಕಮಟ್ಟಿಗೆ ತೆರೆದಿತ್ತು. 1989ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ನಟಿ ರೆಬೆಕಾ ಶೇಫರ್ ಕೊಲೆಯಾದಾಗ, ಕೊಲೆಗಾರ ಆಕೆಯ ವಿಳಾಸವನ್ನು ಡಿಎಂವಿ ದಾಖಲೆಯಿಂದಲೇ ಪಡೆದಿದ್ದನೆಂದು ಗೊತ್ತಾಯಿತು. 1994ರ ಕೇಂದ್ರ ಕಾಯ್ದೆ ಆ ಬಾಗಿಲನ್ನು ಹೊರಗಿನವರಿಗೆ ಹಾಕಿತು.

ಕಂಪ್ಯೂಟರ್ ಬಂದ ಮೇಲೆ ಪ್ರಶ್ನೆಯೇ ಬದಲಾಯಿತು. ಮೊದಲೆಲ್ಲ ಕೋರ್ಟಿನ ದಾಖಲೆ ತೆರೆದಿದೆ ಅಂದರೆ, ನೀವು ಆ ಊರಿಗೆ ಹೋಗಿ, ಗುಮಾಸ್ತರನ್ನು ಕೇಳಿ, ದಪ್ಪ ರಿಜಿಸ್ಟರ್ ತಿರುವಿ ನೋಡಬಹುದು ಎಂದರ್ಥ. ಆ ಕಷ್ಟವೇ ಒಂದು ಬೇಲಿಯಾಗಿತ್ತು. 1989ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಗುರುತಿಸಿತು: ನೂರಾರು ಊರಿನ ಕಡತಗಳಲ್ಲಿ ಚದುರಿ ಬಿದ್ದಿರುವ ಮಾಹಿತಿ ಬೇರೆ, ಅದನ್ನೆಲ್ಲ ಒಟ್ಟುಗೂಡಿಸಿ ಒಬ್ಬ ಮನುಷ್ಯನ ಚರಿತ್ರೆಯಾಗಿ ಕಂಪ್ಯೂಟರಿನಲ್ಲಿ ಇಡುವುದು ಬೇರೆ. 1994ರಲ್ಲಿ ಲಾಸ್ ಏಂಜಲಿಸ್ ಕೌಂಟಿಯ ಕೋರ್ಟು ಮಾಹಿತಿಯನ್ನೆಲ್ಲ ಟೇಪಿನಲ್ಲಿ ತಿಂಗಳು ತಿಂಗಳೂ ಕೊಡಿ ಎಂದು ಹಿನ್ನೆಲೆ ಮಾಹಿತಿ ಮಾರುವ ವ್ಯಾಪಾರಿಯೊಬ್ಬರು ಕೇಳಿದಾಗ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. 2002ರ ಸುಮಾರಿಗೆ ಬಂದ ರಾಜ್ಯದ ಕೋರ್ಟ್ ನಿಯಮಗಳು ಈ ಎರಡರ ನಡುವೆ ಒಂದು ಗೆರೆ ಎಳೆದವು. ಕೇಸಿನ ಸೂಚಿ, ದಿನಾಂಕಗಳ ಪಟ್ಟಿ, ನಡಾವಳಿಯ ಪಟ್ಟಿ ಇವು ಆನ್‌ಲೈನ್‌ನಲ್ಲಿ ಸಿಗಬಹುದು. ಕ್ರಿಮಿನಲ್ ಕೇಸಿನ ಕಾಗದಗಳನ್ನು ಮಾತ್ರ ಕೋರ್ಟಿಗೇ ಬಂದು ನೋಡಬೇಕು. ಸೂಚಿಯಲ್ಲಿ ಹುಟ್ಟಿದ ದಿನಾಂಕ, ಲೈಸೆನ್ಸ್ ನಂಬರ್ ಇರಕೂಡದು.

ಆ ಕೊನೆಯ ಸಾಲನ್ನು ಹೆಚ್ಚುಕಡಿಮೆ ಇಪ್ಪತ್ತು ವರ್ಷ ಯಾರೂ ಅಷ್ಟಾಗಿ ಗಮನಿಸಲಿಲ್ಲ. ರಿವರ್‌ಸೈಡ್ ಕೋರ್ಟಿನ ವೆಬ್‌ಸೈಟಿನಲ್ಲಿ ಹೆಸರಿನ ಜೊತೆಗೆ ಹುಟ್ಟಿದ ದಿನಾಂಕವನ್ನೋ ಲೈಸೆನ್ಸ್ ನಂಬರನ್ನೋ ಹಾಕಿ ಹುಡುಕಬಹುದಿತ್ತು. ಹುಟ್ಟಿದ ದಿನಾಂಕ ಪರದೆಯ ಮೇಲೆ ಕಾಣುತ್ತಿರಲಿಲ್ಲ, ನಿಜ. ಆದರೆ ನೀವು ಹಾಕಿದ ದಿನಾಂಕಕ್ಕೆ ಕೇಸು ಹೊಂದಿಕೆಯಾಯಿತೆಂದರೆ, ಅದು ಅವರದೇ ಹುಟ್ಟಿದ ದಿನಾಂಕ ಎಂದು ಕೋರ್ಟೇ ಹೇಳಿದಂತಾಯಿತಲ್ಲ? ಜೈಲಿನಿಂದ ಬಿಡುಗಡೆಯಾದವರ ಹಕ್ಕುಗಳಿಗಾಗಿ ಕೆಲಸ ಮಾಡುವ 'ಆಲ್ ಆಫ್ ಅಸ್ ಆರ್ ನನ್' ಸಂಘಟನೆ ಇದೇ ವಾದ ಮುಂದಿಟ್ಟಿತು. 2021ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಿತು: ಹಾಗೆ ಹುಡುಕಲು ಬಿಡುವುದೇ ನಿಯಮಕ್ಕೆ ವಿರುದ್ಧ. ರಿವರ್‌ಸೈಡ್ ಮಾತ್ರವಲ್ಲ, ಬೇರೆ ಕೌಂಟಿಗಳೂ ಆ ಸೌಲಭ್ಯ ತೆಗೆದವು. ಬಾಗಿಲು ತೆರೆಸಿದ ಕೌಂಟಿಯಿಂದಲೇ ಬಾಗಿಲು ಕಿರಿದು ಮಾಡಿದ ತೀರ್ಪೂ ಬಂತು.

ಸಂಘಟನೆಯ ಕಾಳಜಿ ನನಗೆ ಪೂರ್ತಿ ಅರ್ಥವಾಗುತ್ತದೆ. ಹಳೆಯ ತಪ್ಪೊಂದು ಮನೆ ಬಾಡಿಗೆಗೆ, ಕೆಲಸಕ್ಕೆ ಜೀವನಪೂರ್ತಿ ಅಡ್ಡ ಬರಬಾರದು. ಆದರೆ ಇದರ ಪೆಟ್ಟು ಬೇರೆ ಕಡೆಯೂ ಬಿತ್ತು, ಅದು ನಮ್ಮವರಿಗೆ ಚೆನ್ನಾಗಿ ಗೊತ್ತಾಗುವಂಥದು. ಹೆಸರೊಂದನ್ನೇ ಇಟ್ಟುಕೊಂಡು ಹುಡುಕಿದರೆ ಪ್ರಸಾದ್, ಕುಮಾರ್, ರಾವ್ ಎಷ್ಟು ಜನ! ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಎಂದು ಬರುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು. ಅದೇ ಲೈಸೆನ್ಸಿಗೂ ಅಲ್ಲಿಂದ ಬುಕಿಂಗ್ ಹಾಳೆಗೂ ಹೋಗಬಹುದು. ಅಪ್ಪನ ಹೆಸರು ಕೊನೆಯ ಹೆಸರಾಗಿರುತ್ತದೆ, ಊರಿನ ಹೆಸರು ನಡುವೆ ಬಂದಿರುತ್ತದೆ, ಇನಿಷಿಯಲ್ ಒಂದು ಕಡೆ ಬಿಡಿಸಿ ಇನ್ನೊಂದು ಕಡೆ ಬಿಡಿಸದೆ ಬರೆದಿರುತ್ತದೆ. ಹೀಗಾಗಿ ತಪ್ಪು ಮಾಡದವರ ತಲೆಗೆ ಅದೇ ಹೆಸರಿನ ಇನ್ನೊಬ್ಬರ ಕೇಸು ಅಂಟಿಕೊಳ್ಳುವ ಅಪಾಯವೂ ಇದೆ, ತನ್ನದೇ ಕೇಸು ತನಗೇ ಸಿಗದಿರುವ ತೊಂದರೆಯೂ ಇದೆ. ಹಿನ್ನೆಲೆ ಪರಿಶೀಲನೆ ನಡೆಸುವ ಕಂಪನಿಗಳು 1970ರ ಕೇಂದ್ರ ಕಾಯ್ದೆಯಂತೆ ಮಾಹಿತಿ ಸರಿಯಿದೆಯೆಂದು ಖಚಿತಪಡಿಸಿಕೊಳ್ಳಲು ತಕ್ಕ ಎಚ್ಚರ ವಹಿಸಬೇಕು. ಹೊಂದಿಸಿ ನೋಡುವ ದಾರಿ ಮುಚ್ಚಿದ ಮೇಲೆ ಕೆಲಸದ ಆಫರ್‌ಗಳು ತಡವಾಗತೊಡಗಿದವು. ಆ ಸೌಲಭ್ಯವನ್ನು ಮರಳಿ ತರುವ ಮಸೂದೆ, ಎಸ್‌ಬಿ 1262, ಶಾಸನಸಭೆಯಲ್ಲಿ ಪಾಸಾದರೂ 2022ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಸಹಿ ಹಾಕದೆ ವಾಪಸ್ ಕಳಿಸಿದರು.

ಅದೇ ಹೊತ್ತಿನಲ್ಲಿ ಬಂಧನದ ಸದ್ದು ಕಡಿಮೆ ಮಾಡುವ ಪ್ರಯತ್ನಗಳೂ ನಡೆದವು. ಬುಕಿಂಗ್ ಫೋಟೊ ಹಾಕಿ, ತೆಗೆಯಲು ದುಡ್ಡು ಕೇಳುವುದನ್ನು 2015ರಿಂದ ನಿಷೇಧಿಸಲಾಯಿತು. ಹಿಂಸೆಯಿಲ್ಲದ ಅಪರಾಧದ ಅನುಮಾನದ ಮೇಲೆ ಬಂಧಿಸಿದವರ ಫೋಟೊವನ್ನು ಪೊಲೀಸರು ಸೋಷಿಯಲ್ ಮೀಡಿಯಾಕ್ಕೆ ಹಾಕುವುದಕ್ಕೆ 2022ರಿಂದ ತಡೆ ಬಂತು. ಕೇಸು ದಾಖಲಾಗದ ಸಣ್ಣ ಅಪರಾಧಗಳ ಬಂಧನಕ್ಕೆ ಒಂದು ವರ್ಷದ ನಂತರ ತಾನಾಗಿಯೇ ಪರಿಹಾರ ಸಿಗುವ ವ್ಯವಸ್ಥೆಯೂ ಬಂದಿದೆ. ಒಳ್ಳೆಯದೇ. ಆದರೆ ಖಾಸಗಿ ಸೈಟುಗಳು ಅಷ್ಟರೊಳಗೆ ನಕಲು ಮಾಡಿಟ್ಟುಕೊಂಡದ್ದನ್ನು ಈ ವ್ಯವಸ್ಥೆ ಹೋಗಿ ಅಳಿಸುವುದಿಲ್ಲ.

ಬಂಧನ ಹೋಗಿ ತಲುಪುವ ಇನ್ನೊಂದು ಜಾಗ ಕಾನ್ಸುಲೇಟ್. ಬುಕಿಂಗ್‌ನ ಬೆರಳಚ್ಚು ಎಫ್‌ಬಿಐಗೂ ಅಲ್ಲಿಂದ ವಲಸೆ ಇಲಾಖೆಗಳಿಗೂ ಹೋಗುತ್ತದೆ. ಹಿಂದಿನ ಐದು ವರ್ಷದೊಳಗೆ ಡಿಯುಐ ಬಂಧನವಾಗಿದ್ದರೂ ಸಾಕು, ಶಿಕ್ಷೆಯೇ ಆಗಬೇಕಿಲ್ಲ, ವೀಸಾ ರದ್ದುಮಾಡಬಹುದು ಎಂಬ ಸೂಚನೆ ವಿದೇಶಾಂಗ ಇಲಾಖೆಯಲ್ಲಿ 2015ರಿಂದ ಇದೆ. ಎಚ್-1ಬಿಯಲ್ಲಿರುವವರಿಗೆ ಇದು ಒಂದು ಇಮೇಲ್ ಆಗಿ ಬರುತ್ತದೆ, ಕೋರ್ಟಿನ ಮೊದಲ ದಿನಾಂಕಕ್ಕಿಂತ ಮುಂಚೆಯೇ ಬಂದರೂ ಬಂತು. ದೇಶದೊಳಗೆ ಇರುವವರೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅಮ್ಮನಿಗೆ ಹುಷಾರಿಲ್ಲವೆಂದು ಊರಿಗೆ ಬಂದರೆ, ವಾಪಸ್ ಹೋಗಲು ಹೊಸ ವೀಸಾ, ಕಾನ್ಸುಲೇಟ್ ಗೊತ್ತುಮಾಡಿದ ವೈದ್ಯರಲ್ಲಿ ತಪಾಸಣೆ, ಜೊತೆಗೆ ಕೋರ್ಟಿನ ಮೊಹರಿರುವ ಡಿಸ್ಪೊಸಿಷನ್ ಪ್ರತಿ ಬೇಕಾಗುತ್ತದೆ. ಕೇಸು ಹೇಗೆ ಮುಗಿಯಿತು ಎಂದು ಹೇಳುವ ಕಾಗದ ಅದು. ಆಗ ಬೆಂಗಳೂರಿನಲ್ಲಿ ಕೂತು ಸ್ಯಾನ್ ಹೊಸೆಯ ಗುಮಾಸ್ತರಿಗೆ ಫೋನ್ ಹಚ್ಚುವ ಸ್ಥಿತಿ.

ಹುಡುಕುವವರು ಮೊದಲು ತಿಳಿದಿರಬೇಕಾದದ್ದು: ಕೇಸು ದಾಖಲಾಗುವುದು ನೀವಿರುವ ಕೌಂಟಿಯಲ್ಲಲ್ಲ, ಗಾಡಿ ನಿಲ್ಲಿಸಿದ ಕೌಂಟಿಯಲ್ಲಿ. ಮನೆ ಫ್ರೀಮಾಂಟ್‌ನಲ್ಲಿದ್ದು, ಸ್ಯಾನ್ ಹೊಸೆ ಕಡೆಯಿಂದ ಮನೆಗೆ ಬರುವಾಗ 880 ಹೆದ್ದಾರಿಯಲ್ಲಿ ಮಿಲ್ಪಿಟಸ್ ದಾಟುವ ಮುಂಚೆ ಸಿಕ್ಕಿಬಿದ್ದರೆ ಕಡತ ಅಲಮೀಡಾ ಕೌಂಟಿಯಲ್ಲಿ ಇರುವುದಿಲ್ಲ, ಸ್ಯಾಂಟಾ ಕ್ಲಾರಾದಲ್ಲಿರುತ್ತದೆ. 58 ಕೌಂಟಿ, 58 ಕಿಟಕಿ. ಸಾರ್ವಜನಿಕರಿಗೆ ಇಡೀ ರಾಜ್ಯಕ್ಕೆ ಒಂದೇ ಹುಡುಕಾಟ ಇಲ್ಲ. ನ್ಯಾಯ ಇಲಾಖೆಯ ರಾಜ್ಯಮಟ್ಟದ ದಾಖಲೆ ಗೌಪ್ಯ, ಬೆರಳಚ್ಚು ಕೊಟ್ಟು ಸ್ವಂತದ್ದನ್ನು ಮಾತ್ರ ತರಿಸಿಕೊಳ್ಳಬಹುದು.

ಕೋರ್ಟಿನಲ್ಲಿ ಹೆಸರು ಸಿಗಲಿಲ್ಲ ಅಂದಮಾತ್ರಕ್ಕೆ ಏನೂ ನಡೆದಿಲ್ಲವೆಂದಲ್ಲ. ಕೌಂಟಿಯ ಸರ್ಕಾರಿ ವಕೀಲರಾದ ಡಿಸ್ಟ್ರಿಕ್ಟ್ ಅಟಾರ್ನಿಗೆ ಸಣ್ಣ ಅಪರಾಧದ ಆರೋಪ ಸಲ್ಲಿಸಲು ಒಂದು ವರ್ಷ ಸಮಯವಿರುತ್ತದೆ. ಸಲ್ಲಿಸುವವರೆಗೆ ಕೋರ್ಟಿನಲ್ಲಿ ಕಡತವೇ ಇರುವುದಿಲ್ಲ. ಆರೋಪ ಸಲ್ಲಿಸದೇ ಬಿಟ್ಟರೆ, ಹಾಗೆ ಬಿಟ್ಟಿದ್ದೇವೆಂಬ ಪತ್ರವನ್ನು ಅವರ ಕಚೇರಿಯಿಂದ ಕೇಳಿ ಪಡೆಯಬೇಕು. 'ವೆಟ್ ರೆಕ್‌ಲೆಸ್', ಅಂದರೆ ಮದ್ಯ ಸೇರಿದ ಅಜಾಗರೂಕ ಚಾಲನೆ, ಎಂದು ಇಳಿಸಿದ ಕೇಸು ಡಿಯುಐ ಕಲಮಿನಡಿ ಕಾಣದೆ ಬೇರೆ ಕಲಮಿನಡಿ ಇರುತ್ತದೆ. ಪ್ರೊಬೇಷನ್ ಮುಗಿದ ಮೇಲೆ ಎಕ್ಸ್‌ಪಂಜ್ (ಕೋರ್ಟಿಗೆ ಅರ್ಜಿ ಹಾಕಿ ಕೇಸು ವಜಾ) ಮಾಡಿಸಿಕೊಂಡವರ ಕಡತ ಮಾಯವಾಗುವುದಿಲ್ಲ, ಅದರ ಮೇಲೆ ವಜಾ ಎಂಬ ನಮೂದು ಬರುತ್ತದೆ ಅಷ್ಟೆ. ಹತ್ತು ವರ್ಷದೊಳಗೆ ಇನ್ನೊಮ್ಮೆ ಸಿಕ್ಕಿಬಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಕೋರ್ಟಿನ ಕಿಟಕಿಗೆ ಹೋಗುವಾಗ ಗುಲಾಬಿ ಹಾಳೆಯ ಪ್ರತಿ, ಕೋರ್ಟಿನ ಚೀಟಿ, ಬಂಧನವಾದ ದಿನಾಂಕ, ಲೈಸೆನ್ಸಿನಲ್ಲಿ ಹೆಸರು ಹೇಗಿತ್ತೋ ಹಾಗೇ ಅಕ್ಷರಕ್ಕೆ ಅಕ್ಷರ ಬರೆದುಕೊಂಡು ಹೋಗಿ. ಹೆಸರು ಹಿಂದುಮುಂದಾಗಿಯೂ ಹುಡುಕಿಸಿ. ಪುಟಕ್ಕೆ 50 ಸೆಂಟ್. ಹುಡುಕಲು ಹತ್ತು ನಿಮಿಷ ಮೀರಿದರೆ 15 ಡಾಲರ್. ಮೊಹರಿಗೆ ಬೇರೆ ಶುಲ್ಕ. ಬೇಕಾದದ್ದು ಆರೋಪಪತ್ರ ಮಾತ್ರವಲ್ಲ, ಕೇಸು ಮುಗಿದ ದಿನದ ಆದೇಶವೂ ಬೇಕು. ಇದನ್ನು ಮುಂದೂಡಬೇಡಿ. ಸಣ್ಣ ಅಪರಾಧವಾಗಿ ದಾಖಲಾದ ಡಿಯುಐ ಕಡತವನ್ನು ಕೋರ್ಟುಗಳು ಇಟ್ಟುಕೊಳ್ಳಬೇಕಾದದ್ದು ಕೇಸು ಮುಗಿದ ಮೇಲೆ 10 ವರ್ಷ ಮಾತ್ರ, ಆಮೇಲೆ ನಾಶಮಾಡಬಹುದು. ವೀಸಾ ಅರ್ಜಿಯಲ್ಲಿ 'ಎಂದಾದರೂ ಬಂಧನವಾಗಿದೆಯೇ' ಎಂಬ ಪ್ರಶ್ನೆಗೆ ಹಾಗೆ ಕಾಲಮಿತಿಯೇನೂ ಇಲ್ಲ.