ಪಾವಗಡದಲ್ಲಿ ಅಷ್ಟು ಸೋಲಾರ್ ಇದ್ದರೂ ರಾಯಚೂರಲ್ಲಿ ಕಲ್ಲಿದ್ದಲು ಯಾಕೆ ಉರೀತಿದೆ?

ಪ್ರಶ್ನೆ: ಪಾವಗಡದ ಸೋಲಾರ್ ಪಾರ್ಕ್ ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕಿಂತ ದೊಡ್ಡದು ಅಂತಾರೆ. ಹಾಗಾದರೆ ಕಲ್ಲಿದ್ದಲು ಸುಡೋದನ್ನು ಯಾಕೆ ನಿಲ್ಲಿಸಬಾರದು?

ಅಂಕಿ ನೋಡಿದರೆ ನಿಮ್ಮ ಮಾತು ಸರಿ. ಪಾವಗಡದ್ದು 2,050 ಮೆಗಾವಾಟ್, ರಾಯಚೂರು ಶಕ್ತಿನಗರದ್ದು 1,720. ಆದರೆ ಪಾವಗಡ ಆ ಮಟ್ಟದ ಹತ್ತಿರ ಬರೋದು ಮಟಮಟ ಮಧ್ಯಾಹ್ನ ಮಾತ್ರ. ಸಂಜೆ ಏಳಕ್ಕೆ ಸುಮಾರು 13,000 ಎಕರೆ ಪಾರ್ಕ್ ಪೂರ್ತಿ ಸುಮ್ನೆ ಮಲಗಿರುತ್ತದೆ. ನಾವು ಲೈಟು, ಟಿವಿ, ಫ್ಯಾನು ಎಲ್ಲ ಹಾಕೋದು ಆಗಲೇ ಅಲ್ವಾ?

ರಾಯಚೂರಿನ ಕೇಂದ್ರವನ್ನು ಹಗಲು ಆರಿಸಿ ಸಂಜೆ ಹಚ್ಚೋಣ ಅಂದರೆ ಅದು ಗ್ಯಾಸ್ ಒಲೆಯಲ್ಲ. ತಣ್ಣಗಾದ ಬಾಯ್ಲರನ್ನು ಮೊದಲು ಎಣ್ಣೆ ಉರಿಸಿ ಕಾಯಿಸಬೇಕು. ಆಮೇಲೆ ಕಲ್ಲಿದ್ದಲ ಪುಡಿ ಊದಬೇಕು. ಉಗಿ ಹದಕ್ಕೆ ಬಂದು ಟರ್ಬೈನ್ ತಿರುಗುವಷ್ಟರಲ್ಲಿ ಎಷ್ಟೋ ಗಂಟೆ ಕಳೆದಿರುತ್ತದೆ. ದಿನಾ ಕಾಯಿಸಿ ತಣಿಸಿದರೆ ಕೊಳವೆಗಳೂ ಬೇಗ ಹಾಳಾಗುತ್ತವೆ. ಮಳೆಗಾಲದಲ್ಲಿ ಗಾಳಿ, ನೀರು ಎರಡೂ ಜೋರಾಗಿದ್ದಾಗ ಕೆಲವು ಘಟಕಗಳನ್ನು ದಿನಗಟ್ಟಲೆ ನಿಲ್ಲಿಸೋದುಂಟು. ಉಳಿದಂತೆ ಹಗಲು ಉರಿ ತಗ್ಗಿಸುತ್ತಾರೆ, ಅಷ್ಟೇ.

ಶರಾವತಿಯಲ್ಲಾದರೆ ನೀರು ಬಿಟ್ಟ ಕೆಲವೇ ನಿಮಿಷಕ್ಕೆ ಕರೆಂಟು. ಆದರೆ ಮಳೆ ಕೈಕೊಟ್ಟರೆ? 2023ರ ಅಕ್ಟೋಬರ್‌ನಲ್ಲಿ ಕರೆಂಟಿಗಾಗಿ ಆದ ಪರದಾಟ ನೆನಪಿರಬೇಕು.

ಹಗಲಿನ ಕರೆಂಟನ್ನು ಸಂಜೆಗೆ ಎತ್ತಿಡಲು ಬ್ಯಾಟರಿ ಇದೆ, ನೀರಿನ ಉಪಾಯವೂ ಇದೆ. ಶರಾವತಿ ಕಣಿವೆಯ ಗೇರುಸೊಪ್ಪೆ ಜಲಾಶಯದ ನೀರನ್ನು ಹಗಲು ಮೇಲಿನ ತಳಕಳಲೆ ಜಲಾಶಯಕ್ಕೆ ಪಂಪ್ ಮಾಡಿ, ಸಂಜೆ ಕೆಳಗೆ ಬಿಟ್ಟು 2,000 ಮೆಗಾವಾಟ್ ತೆಗೆಯುವ ಯೋಜನೆ ಅದು. ಇಂಥ ಕಡೆ ನೀರೆತ್ತಲು 100 ಯೂನಿಟ್ ಖರ್ಚಾದರೆ ವಾಪಸ್ ಬರೋದು 75-80. ಅದಕ್ಕಿಂತ ದೊಡ್ಡ ತಕರಾರು ಜಾಗದ್ದು. ಅದು ಸಿಂಗಳೀಕಗಳ ಅಭಯಾರಣ್ಯ. ವಿರೋಧ ಸುಮ್ನೆ ಎದ್ದಿದ್ದಲ್ಲ.

ನನ್ನ ಕೇಳಿದರೆ, ಎತ್ತಿಡೋ ಮೊದಲು ಹಗಲೇ ಖರ್ಚು ಮಾಡೋದು ಜಾಸ್ತಿ ಅಗ್ಗ. ಪಂಪ್‌ಸೆಟ್‌ಗಳನ್ನೇ ನೋಡಿ. ಎಷ್ಟೋ ಊರುಗಳಿಗೆ ತ್ರೀ ಫೇಸ್ ಬರುತ್ತಿದ್ದದ್ದೇ ರಾತ್ರಿ. ರೈತ ಟಾರ್ಚ್ ಹಿಡಿದು, ಹಾವು ಚೇಳು ನೋಡಿಕೊಂಡು, ಸ್ಟಾರ್ಟರ್ ಒತ್ತಲು ತೋಟಕ್ಕೆ ಹೋಗಬೇಕಿತ್ತು. ಭತ್ತಕ್ಕಾಗಲಿ ಅಡಿಕೆಗಾಗಲಿ ನೀರು ರಾತ್ರಿಯೇ ಬೇಕು ಅಂತೇನಿಲ್ಲವಲ್ಲ! ಈಗ ರೈತರ ಪಂಪ್‌ಸೆಟ್‌ಗೆ ಸೋಲಾರ್ ಕರೆಂಟು ಕೊಡುವ ಕೇಂದ್ರದ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಹತ್ತಿರವೇ ಪ್ಯಾನೆಲ್ ಹಾಕಿ, ಪಂಪ್‌ಸೆಟ್ ಲೈನಿಗೆ ಹಗಲು ಹೊತ್ತಲ್ಲೇ ಕರೆಂಟು ಕೊಡುವ ಕೆಲಸ ನಡೆದಿದೆ. ರಾತ್ರಿ ಎಷ್ಟು ಮೋಟಾರು ನಿಲ್ಲುತ್ತವೋ ಅಷ್ಟು ಹೊರೆ ಶಕ್ತಿನಗರದ ಮೇಲಿಂದ ಇಳಿಯುತ್ತದೆ.