ಇನ್ನೊಂದು ತುತ್ತು ಬೇಕೆನ್ನಿಸುವಾಗ ತಟ್ಟೆ ಖಾಲಿಯಾಗಿರಬೇಕು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಯೌಂಟ್‌ವಿಲ್ ಎಂಬ ಪುಟ್ಟ ಊರಿದೆ. ಅಲ್ಲಿನ 'ದಿ ಫ್ರೆಂಚ್ ಲಾಂಡ್ರಿ' ರೆಸ್ಟೋರೆಂಟನ್ನು ಥಾಮಸ್ ಕೆಲ್ಲರ್ ಎಂಬ ಶೆಫ್ 1994ರಿಂದ ನಡೆಸುತ್ತಿದ್ದಾರೆ. ಅದರ ಅತಿ ಹೆಸರಾದ ಖಾದ್ಯಕ್ಕೆ ಬಳಸುವುದು ನಮ್ಮ ಸಬ್ಬಕ್ಕಿಯಂಥದೇ ಟ್ಯಾಪಿಯೋಕಾ ಮುತ್ತುಗಳನ್ನು. ಅವನ್ನು ಹಾಲು, ಕೆನೆಯಲ್ಲಿ ಬೇಯಿಸಿ, ನೊರೆ ಬರುವಂತೆ ಕಡೆದ ಮೊಟ್ಟೆಯ ಹಳದಿಯನ್ನು ಬೆರೆಸಿ, ಮೇಲೆ ಆಯ್ಸ್ಟರ್ ಸಿಂಪಿಯನ್ನೂ ಕೇವಿಯರ್ ಎಂಬ ಮೀನಿನ ಮೊಟ್ಟೆಗಳನ್ನೂ ಇಡುತ್ತಾರೆ. ಎಷ್ಟು ಕೊಡುತ್ತಾರೆ? ಕೆಲವೇ ಚಮಚ. ದುಬಾರಿ ವಸ್ತುವನ್ನು ಉಳಿಸಲು ಮಾಡಿದ ಉಪಾಯವಲ್ಲ ಇದು. ಒಂದೇ ರುಚಿಯನ್ನು ತಿನ್ನುತ್ತ ಹೋದರೆ ಪ್ರತಿ ತುತ್ತಿನ ಸುಖವೂ ಅದರ ಹಿಂದಿನದಕ್ಕಿಂತ ಕಡಿಮೆಯಾಗುತ್ತದೆ. ಆದ್ದರಿಂದ 'ಇನ್ನೊಂದು ತುತ್ತು ಇದ್ದಿದ್ದರೆ' ಅನ್ನಿಸುವ ಹೊತ್ತಿಗೆ ತಟ್ಟೆ ಖಾಲಿಯಾಗಿ ಮುಂದಿನ ಕೋರ್ಸ್, ಅಂದರೆ ಸರದಿಯ ಮುಂದಿನ ಖಾದ್ಯ, ಬರಬೇಕು ಎಂಬುದು ಕೆಲ್ಲರ್ ಅವರ ಲೆಕ್ಕ. ಒಂಬತ್ತು ಕೋರ್ಸುಗಳ ಅವರ ಟೇಸ್ಟಿಂಗ್ ಮೆನು ನಿಂತಿರುವುದೇ ಈ ಲೆಕ್ಕದ ಮೇಲೆ.

ಅಡುಗೆಮನೆಯ ಈ ತಿಳಿವಳಿಕೆಯನ್ನು ವಿಜ್ಞಾನ ಅದಕ್ಕೂ ಮೊದಲೇ ಅಳೆದು ನೋಡಿತ್ತು. ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜನರಿಗೆ ಮೊದಲು ಹಲವು ತಿನಿಸುಗಳ ಚೂರುಗಳನ್ನು ಕೊಟ್ಟು ಯಾವುದು ಎಷ್ಟು ಇಷ್ಟ ಎಂದು ಅಂಕ ಹಾಕಿಸಿದರು. ಆಮೇಲೆ ಅವುಗಳಲ್ಲಿ ಒಂದನ್ನು ಹೊಟ್ಟೆ ತುಂಬ ತಿನ್ನಿಸಿ ಮತ್ತೆ ಅಂಕ ಹಾಕಿಸಿದರು. ತಿಂದ ತಿನಿಸಿನ ಅಂಕ ಬಿದ್ದುಹೋಗಿತ್ತು. ತಿನ್ನದೆ ಉಳಿದವುಗಳ ಅಂಕ ಅಷ್ಟಾಗಿ ಇಳಿದಿರಲಿಲ್ಲ. ಅಂದರೆ ಹೊಟ್ಟೆ ತುಂಬುವುದು ಬೇರೆ, ಒಂದು ರುಚಿ ಸಾಕಾಗುವುದು ಬೇರೆ. ಎರಡನೆಯದು ಜೀರ್ಣಕ್ರಿಯೆಗೆ ಕಾಯುವುದಿಲ್ಲ, ತಿನ್ನತೊಡಗಿದ ಕೆಲವೇ ನಿಮಿಷಗಳಲ್ಲಿ ಆಗಿಬಿಡುತ್ತದೆ. ಅನ್ನ, ಸಾರು 'ಸಾಕಪ್ಪಾ ಸಾಕು' ಎಂದು ಕೈ ಅಡ್ಡ ಹಿಡಿದವರಿಗೂ ಹೋಳಿಗೆಗೆ ಜಾಗವಿರುವುದು ಇದರಿಂದಲೇ.

ಮೆದುಳಿನೊಳಗೆ ಏನಾಗುತ್ತದೆ ಎಂಬುದನ್ನು ನರವಿಜ್ಞಾನಿ ಎಡ್ಮಂಡ್ ರೋಲ್ಸ್ ಅವರ ತಂಡ ಕೋತಿಗಳಲ್ಲಿ ಗಮನಿಸಿತು. ಸಕ್ಕರೆ ನೀರನ್ನು ಸಾಕೆನ್ನುವಷ್ಟು ಕುಡಿಸಿದಾಗ, ಕಣ್ಣುಗಳ ಮೇಲ್ಭಾಗದಲ್ಲಿರುವ ಆರ್ಬಿಟೋಫ್ರಂಟಲ್ ಭಾಗದ ನರಕೋಶಗಳು ಸಕ್ಕರೆಗೆ ಪ್ರತಿಕ್ರಿಯಿಸುವುದನ್ನು ನಿಲ್ಲಿಸಿದವು, ಬೇರೆ ರುಚಿ ಬಂದರೆ ಮತ್ತೆ ಚುರುಕಾದವು. ಆದರೆ ರುಚಿಯನ್ನು ಮೊದಲು ಗುರುತಿಸುವ ಭಾಗದ ನರಕೋಶಗಳಲ್ಲಿ ಈ ಇಳಿತ ಕಾಣಲಿಲ್ಲ. ಸಿಹಿ ಸಿಹಿಯೆಂದೇ ತಿಳಿಯುತ್ತದೆ, ಬೇಕು ಅನ್ನಿಸುವುದು ಮಾತ್ರ ನಿಲ್ಲುತ್ತದೆ. ಬದುಕಿನ ಎಷ್ಟೋ ಸುಖಗಳು ಸಪ್ಪೆಯಾಗುವ ಬಗೆಯನ್ನು ಅರಿಯಲು ಈ ವ್ಯತ್ಯಾಸ ಮುಖ್ಯ. ವಸ್ತು ಕೆಟ್ಟಿರುವುದಿಲ್ಲ, ನಮ್ಮ ಇಂದ್ರಿಯಗಳೂ ಕೆಟ್ಟಿರುವುದಿಲ್ಲ. ನಡುವೆ ಬಿಡುವಿಲ್ಲದೆ ಅದೇ ಸಿಗುತ್ತಿರುತ್ತದೆ, ಅಷ್ಟೆ.

ಹಾಗಾದರೆ ಬಗೆಬಗೆಯದನ್ನು ಇಟ್ಟುಕೊಂಡರೆ ಆಯಿತಲ್ಲ ಎಂದು ಹೊರಟರೆ ಬಫೆಯಲ್ಲಿ ಸಿಕ್ಕಿಬೀಳುತ್ತೇವೆ. ಬಾರ್ಬರಾ ರೋಲ್ಸ್ ಅವರದೇ ಇನ್ನೊಂದು ಪ್ರಯೋಗದಲ್ಲಿ, ನಾಲ್ಕು ಬಗೆಯ ಹೂರಣದ ಸ್ಯಾಂಡ್‌ವಿಚ್ ಸಿಕ್ಕವರು ಒಂದೇ ಬಗೆ ಸಿಕ್ಕವರಿಗಿಂತ ಸುಮಾರು ಮೂರನೇ ಒಂದರಷ್ಟು ಹೆಚ್ಚು ತಿಂದರು. ವೈವಿಧ್ಯ 'ಸಾಕು' ಎಂಬ ಸೂಚನೆಯನ್ನು ಮುಂದಕ್ಕೆ ತಳ್ಳುತ್ತದೆ. ಟೇಸ್ಟಿಂಗ್ ಮೆನುವಿನಲ್ಲಿ ಪ್ರಮಾಣವನ್ನೂ ಸರದಿಯನ್ನೂ ಅಡುಗೆಮನೆಯೇ ನಿಗದಿ ಮಾಡಿರುತ್ತದೆ, ಬಫೆಯಲ್ಲಿ ಸೌಟು ನಮ್ಮ ಕೈಯಲ್ಲೇ ಇರುತ್ತದೆ. ನಮ್ಮ ಬಾಳೆಯೆಲೆ ಊಟದಲ್ಲೂ ಈ ಜಾಣತನವಿದೆ: ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಪಕ್ಕದಲ್ಲಿ ಕೋಸಂಬರಿ, ಪಲ್ಯ, ಆಮೇಲೆ ತೊವ್ವೆ, ಸಾರು, ಹುಳಿ ಒಂದೊಂದಾಗಿ ಬಂದು ಕೊನೆಗೆ ಮಜ್ಜಿಗೆ. ಅದು ಕೆಡುವುದು ಒತ್ತಾಯದ ಬಡಿಸುವಿಕೆಯಿಂದ. ಮೂರನೇ ಹೋಳಿಗೆಯನ್ನು ಬಲವಂತವಾಗಿ ಹಾಕಿದಾಗ ಮೊದಲನೆಯದರ ಸುಖವೂ ಹೋಗುತ್ತದೆ.

ಅದು ಹೋಗುವುದು ನೆನಪಿನಲ್ಲಿ. ಗಾರ್ಬಿನ್ಸ್ಕಿ, ಮೋರ್‌ವೆಜ್ ಮತ್ತು ಶಿವ್ 2014ರಲ್ಲಿ ತೋರಿಸಿದಂತೆ, ಒಂದು ತಿನಿಸು ಎಷ್ಟು ಚೆನ್ನಾಗಿತ್ತು ಎಂಬ ನೆನಪನ್ನು ಹೆಚ್ಚಾಗಿ ರೂಪಿಸುವುದು ಕೊನೆಯ ತುತ್ತುಗಳು. ದೊಡ್ಡ ಪಾಲು ತಿಂದವರ ಕೊನೆಯ ತುತ್ತುಗಳು ಸಪ್ಪೆಯಾಗಿರುವುದರಿಂದ, ಅದೇ ತಿನಿಸನ್ನು ಮತ್ತೆ ತಿನ್ನಲು ಅವರು ಹೆಚ್ಚು ದಿನ ಬಿಡುತ್ತಾರೆ. ಮುಖ ಹೊಡೆಯುವವರೆಗೆ ತಿಂದರೆ ಕಳೆದುಕೊಳ್ಳುವುದು ಆ ಹೊತ್ತಿನ ರುಚಿಯನ್ನಷ್ಟೇ ಅಲ್ಲ, ಮುಂದಿನ ಆಸೆಯನ್ನೂ.

ಇನ್ನು ಒಂದೇ ತುತ್ತಿನೊಳಕ್ಕೆ ಇಳಿದು ನೋಡೋಣ. ಬೆರಳಿನ ಗೆಣ್ಣಿನಷ್ಟು ಮೈಸೂರು ಪಾಕ್ ತೆಗೆದುಕೊಳ್ಳಿ. ಮೂಗನ್ನು ಬಿಗಿಯಾಗಿ ಹಿಡಿದು ಅದನ್ನು ಬಾಯಿಗೆ ಹಾಕಿ, ಹತ್ತು ಸೆಕೆಂಡು ಅಗಿಯಿರಿ. ಸಿಹಿ ಗೊತ್ತಾಗುತ್ತದೆ, ಜಿಡ್ಡೂ ಪುಡಿಪುಡಿಯಾಗುವುದೂ ಗೊತ್ತಾಗುತ್ತದೆ, ಮತ್ತೇನೂ ಇಲ್ಲ. ಈಗ ಬೆರಳು ಬಿಡಿ. ತುಪ್ಪ, ಹುರಿದ ಕಡಲೆಹಿಟ್ಟು ಒಮ್ಮೆಲೇ ಬಾಯಲ್ಲಿ ತುಂಬಿಕೊಳ್ಳುತ್ತವೆ. ನಾಲಿಗೆಗೆ ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಅಣಬೆ, ಟೊಮೆಟೊಗಳಲ್ಲಿ ಸಿಗುವ ರುಚಿ) ಎಂಬ ಐದು ಮೂಲ ರುಚಿಗಳಷ್ಟೇ ತಿಳಿಯುತ್ತವೆ. ಉಳಿದದ್ದೆಲ್ಲ ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುವ ಘಮ. ಅದು ಏರುವುದು ಉಸಿರು ಹೊರಗೆ ಬಿಡುವಾಗ, ಅದರಲ್ಲೂ ನುಂಗಿದ ಮರುಕ್ಷಣ. ಹೀಗಾಗಿ ಬಾಯಿ ಮುಚ್ಚಿ ಅಗಿದು, ನುಂಗಿ, ಮೂಗಿನಿಂದ ನಿಧಾನವಾಗಿ ಉಸಿರು ಬಿಡುವ ಆ ಎರಡು ಮೂರು ಸೆಕೆಂಡಿನಲ್ಲೇ ತುತ್ತಿನ ಬಹುಪಾಲು ಅಡಗಿದೆ. ನಾವು ತಪ್ಪುವುದೂ ಅಲ್ಲೇ. ನುಂಗುವ ಮೊದಲೇ ಕೈ ಮುಂದಿನ ತುತ್ತನ್ನು ಕಲಸಿರುತ್ತದೆ, ಇಲ್ಲವೇ ನೀರು ಕುಡಿದು ಘಮವನ್ನು ತೊಳೆದುಬಿಡುತ್ತೇವೆ. ದೊಡ್ಡ ರೆಸ್ಟೋರೆಂಟುಗಳು ಎರಡು ಕೋರ್ಸುಗಳ ನಡುವೆ ಬಿಡುವು ಕೊಡುವುದಕ್ಕೆ ಅಡುಗೆಯ ಅನುಕೂಲವೂ ಕಾರಣವಿರಬಹುದು, ಆದರೆ ತಿನ್ನುವವರಿಗೆ ಆ ಬಿಡುವಿನಿಂದ ದೊಡ್ಡ ಲಾಭವಿದೆ.

ಬಿಸಿಯ ಪಾತ್ರವೂ ಕಡಿಮೆಯೇನಲ್ಲ. ಹಿಂದೆ ಯುರೋಪಿನ ಸಿರಿವಂತರ ಮನೆಗಳಲ್ಲಿ ಹತ್ತಾರು ಭಕ್ಷ್ಯಗಳನ್ನು ಒಮ್ಮೆಲೇ ಮೇಜಿನ ಮೇಲೆ ಹರಡುತ್ತಿದ್ದರು, ತಿನ್ನುವಷ್ಟರಲ್ಲಿ ಅರ್ಧ ಆರಿಹೋಗಿರುತ್ತಿದ್ದವು. ಒಂದಾದ ಮೇಲೊಂದು ಬಿಸಿಬಿಸಿಯಾಗಿ ತರುವ 'ರಷ್ಯನ್ ಪದ್ಧತಿ' ಫ್ರಾನ್ಸಿನಲ್ಲಿ ಹರಡಿದ್ದು 19ನೇ ಶತಮಾನದಲ್ಲಿ. ಸಿಹಿಯ ಸಂಕೇತವನ್ನು ಸಾಗಿಸುವ ಟಿಆರ್‌ಪಿಎಂ5 ಎಂಬ ಪ್ರೋಟೀನು 15ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಬಿಸಿಯೇರಿದಷ್ಟೂ ಹೆಚ್ಚು ಕೆಲಸ ಮಾಡುತ್ತದೆ ಎಂದು 2005ರಲ್ಲಿ ತಿಳಿದುಬಂತು. ಕರಗಿದ ಐಸ್‌ಕ್ರೀಮ್ ಸಹಿಸಲಾಗದಷ್ಟು ಸಿಹಿಯಾಗಿರುವುದಕ್ಕೆ ಕಾರಣ ಇದೇ. ಕಾಫಿ ಪರೀಕ್ಷಕರು ಒಂದೇ ಲೋಟವನ್ನು ಸುಮಾರು 70 ಡಿಗ್ರಿಯಲ್ಲಿ ಒಮ್ಮೆ, ಆರುತ್ತ ಬಂದಂತೆ ಮತ್ತೆ ಮತ್ತೆ, ಕೊನೆಗೆ ಮೈಬಿಸಿಯ ಹತ್ತಿರ ಇನ್ನೊಮ್ಮೆ ಗುಟುಕರಿಸುತ್ತಾರೆ. ಬಿಸಿಯಲ್ಲಿ ಮರೆಯಾಗಿದ್ದ ಹುಳಿ, ಸಿಹಿ ಆಗ ಎದ್ದು ಕಾಣುತ್ತವೆ. ಕುದಿಯುವ ಕಾಫಿಯನ್ನು ಗಟಗಟ ಕುಡಿಯುವವರಿಗೆ ಇದು ಸಿಗುವುದಿಲ್ಲ. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಅನ್ನನಾಳಕ್ಕೂ ಒಳ್ಳೆಯದಲ್ಲ. ಲೋಟದಿಂದ ಬಟ್ಟಲಿಗೆ ಎರಡು ಸಲ ಎತ್ತಿ ಹಾಕುವ ನಮ್ಮ ಹೋಟೆಲುಗಳ ರೂಢಿ ಬಿಸಿಯನ್ನು ಬೇಗ ಇಳಿಸುತ್ತದೆ.

ಸದ್ದು ರುಚಿಯನ್ನು ಬದಲಿಸುತ್ತದೆ ಎಂದರೆ ಹಲವರು ನಂಬುವುದಿಲ್ಲ. ಇಂಗ್ಲೆಂಡಿನ ಬ್ರೇ ಎಂಬ ಹಳ್ಳಿಯ 'ದಿ ಫ್ಯಾಟ್ ಡಕ್' ರೆಸ್ಟೋರೆಂಟಿನಲ್ಲಿ ಶೆಫ್ ಹೆಸ್ಟನ್ ಬ್ಲೂಮೆಂಥಲ್ 2007ರಿಂದ ಒಂದು ಸಮುದ್ರ ಖಾದ್ಯದ ಜೊತೆ ಶಂಖವನ್ನೂ ಕೊಡತೊಡಗಿದರು. ಅದರೊಳಗಿನ ಪುಟ್ಟ ಯಂತ್ರದಿಂದ ಅಲೆಗಳ, ಕಡಲಹಕ್ಕಿಗಳ ಸದ್ದನ್ನು ಕೇಳುತ್ತ ತಿನ್ನಬೇಕು. ಇದರ ಹಿಂದೆ ಆಕ್ಸ್‌ಫರ್ಡಿನ ಮನೋವಿಜ್ಞಾನಿ ಚಾರ್ಲ್ಸ್ ಸ್ಪೆನ್ಸ್ ಅವರ ಜೊತೆ ನಡೆಸಿದ ಪ್ರಯೋಗಗಳಿದ್ದವು. ಜೋರಾದ ಗದ್ದಲದಲ್ಲಿ ಉಪ್ಪು, ಸಿಹಿ ಎರಡೂ ಮಂಕಾಗುತ್ತವೆ ಎಂದು ಇನ್ನೊಂದು ಅಧ್ಯಯನ ತೋರಿಸಿತು. ಮನೆಯಲ್ಲಿ ಶಂಖ ಬೇಡ, ಟಿವಿ ಆರಿಸಿದರೆ ಸಾಕು. ಟಿವಿ ನೋಡುತ್ತ ಮಧ್ಯಾಹ್ನದ ಊಟ ಮಾಡಿದವರು ಸಂಜೆಯ ಹೊತ್ತಿಗೆ ಹೆಚ್ಚು ಬಿಸ್ಕತ್ತು ತಿಂದದ್ದನ್ನು ಸಂಶೋಧಕಿ ಸುಜಾನ್ ಹಿಗ್ಸ್ ದಾಖಲಿಸಿದ್ದಾರೆ. ಹಾಗೆ ತಿಂದವರಿಗೆ ಊಟದ ನೆನಪು ಅಷ್ಟು ಸ್ಪಷ್ಟವಾಗಿರಲಿಲ್ಲ. ಮನೋವಿಜ್ಞಾನಿ ಪಾಲ್ ರೋಜಿನ್ 1998ರಲ್ಲಿ ವರದಿ ಮಾಡಿದ ಪ್ರಕರಣ ಇನ್ನೂ ತೀವ್ರವಾದದ್ದು. ನಡೆದದ್ದು ಮರುನಿಮಿಷವೇ ಮರೆತುಹೋಗುವ ಇಬ್ಬರು ರೋಗಿಗಳು ಪೂರ್ತಿ ಊಟ ಮಾಡಿದ ಅರ್ಧ ಗಂಟೆಯೊಳಗೆ ಎರಡನೇ ಊಟವನ್ನೂ ಮಾಡಿದರು. ತೃಪ್ತಿಯಲ್ಲಿ ನೆನಪಿನ ಪಾಲು ಅಷ್ಟು ದೊಡ್ಡದು.

ಹಣ ಹೆಚ್ಚಾದರೆ ಸವಿಯುವುದೂ ಹೆಚ್ಚುತ್ತದೆಯೇ? ಜೋರ್ಡಿ ಕ್ವಾಡ್‌ಬ್ಯಾಕ್ ತಂಡ 2010ರಲ್ಲಿ ಕೆಲವರಿಗೆ ನೋಟುಗಳ ಚಿತ್ರ ತೋರಿಸಿ, ಆಮೇಲೆ ಚಾಕೊಲೇಟ್ ಕೊಟ್ಟಿತು. ಚಿತ್ರ ನೋಡಿದವರು ಅದನ್ನು ಬೇಗ ತಿಂದು ಮುಗಿಸಿದರು, ಮುಖದಲ್ಲಿ ಖುಷಿಯೂ ಕಡಿಮೆಯಿತ್ತು. 2013ರ ಪ್ರಯೋಗದಲ್ಲಿ ಒಂದು ಗುಂಪು ಒಂದು ವಾರ ಚಾಕೊಲೇಟ್ ಬಿಟ್ಟಿತು, ಇನ್ನೊಂದಕ್ಕೆ ಬೇಕಾದಷ್ಟು ತಿನ್ನಲು ಸುಮಾರು 900 ಗ್ರಾಂ ಕೊಟ್ಟರು. ವಾರದ ಕೊನೆಗೆ ಹೆಚ್ಚು ಸವಿದು ತಿಂದವರು ಬಿಟ್ಟಿದ್ದವರೇ.

ಹಾಗಾಗಿ ದುಬಾರಿ ಮೇಜಿನಿಂದ ಮನೆಗೆ ತರಬೇಕಾದ್ದು ನೊರೆಯನ್ನೂ ಅಲಂಕಾರವನ್ನೂ ಅಲ್ಲ. ತುಂಬ ಇಷ್ಟದ ಒಂದೇ ತಿನಿಸನ್ನು ಆರಿಸಿ, ಒಂದು ವಾರ ಬಿಡಿ. ತಿನ್ನುವ ದಿನ ವಾಡಿಕೆಯ ಅರ್ಧದಷ್ಟನ್ನು ಮಾತ್ರ ಬಡಿಸಿ, ಡಬ್ಬಿಯನ್ನು ಮೇಜಿನ ಮೇಲಿಂದ ತೆಗೆದು ಒಳಗಿಡಿ, ಏಕೆಂದರೆ ಕಣ್ಣೆದುರಿಗಿದ್ದರೆ ಕೈ ತಾನಾಗಿ ಹೋಗುತ್ತದೆ. ನಡುವೆ ಖಾರದ್ದೋ ಹುಳಿಯದ್ದೋ ಒಂದು ಚೂರು ಇರಲಿ. ಮೈಸೂರು ಪಾಕಿನಲ್ಲಿ ಜಾಲರಿಯಂತೆ ತೂತು ಬಿದ್ದ, ಚೆನ್ನಾಗಿ ಕೆಂಪಾದ ನಡುಭಾಗ ಇಷ್ಟವಾದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ, ಅದಾದ ಮೇಲೆ ಹತ್ತು ನಿಮಿಷ ನೀರನ್ನೂ ಕುಡಿಯಬೇಡಿ.